ಕೊಳಕಿಯ ಕೈ

ಜೂನ್ ೪

ಅಕ್ಕಾ,

ಇಲ್ಲಿ ನಾನು ಅಷ್ಟೇನೂ ಕ್ಷೇಮವಾಗಿಲ್ಲ. ನೀನು ಹೇಗಿದ್ದೀಯೋ ತಿಳಿಯುವ ದಾರಿಯೂ ಇಲ್ಲ. ಒಂದೂವರೆ ವರ್ಷದಿಂದ ನಿನ್ನ ಫೋನು ನನ್ನ ನಂಬರಿಗೆ ಮಾತ್ರ ಕಿವುಡಾಗಿದೆ. ಅದಕ್ಕೇ ಕಾಗದ. ಹರಿದು ಹಾಕುವ ಮುಂಚೆ ಈ ಪುಟವನ್ನಾದರೂ ಓದು.

ನನ್ನ ಹೃದಯದಲ್ಲಿ ತೂತಿದೆಯಂತೆ. ನಗಬೇಡ. ಸರ್ವೆ ಕಚೇರಿಯಲ್ಲಿ ಲಿಫ್ಟು ಕೆಟ್ಟು ಕೂತಿದೆ, ನಕ್ಷೆಗಳ ಸುರುಳಿ ಹೊತ್ತುಕೊಂಡು ಮೂರು ಮಹಡಿ ಹತ್ತುವಾಗ ಎರಡನೆಯದರಲ್ಲೇ ಕೂತುಬಿಡುತ್ತಿದ್ದೆ. ನಮ್ಮ ದೊಡ್ಡ ನಕ್ಷೆಗಾರರು, "ಇಪ್ಪತ್ತಾರಕ್ಕೇ ಮುದುಕಿ ಆದೆಯಲ್ಲಮ್ಮ, ಹೋಗಿ ತೋರಿಸ್ಕೋ" ಎಂದು ರಜೆ ಚೀಟಿಗೆ ತಾವೇ ಸಹಿ ಹಾಕಿ ಕಳಿಸಿದರು. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಗೋಡೆ ಇರುತ್ತಲ್ಲ, ಅದರಲ್ಲಿ ಹದಿನೆಂಟು ಮಿಲಿಮೀಟರ್ ಗಂಡಿ. ಹುಟ್ಟಿದಾಗಿನಿಂದ ಇದೆ. ಶುದ್ಧವಾಗಿ ಬಂದ ರಕ್ತ ಅದರ ಮೂಲಕ ಬಲಗಡೆಗೆ ಸೋರಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತಂತೆ. ಮಾಡಿದ ಕೆಲಸವನ್ನೇ ಮತ್ತೆ ಮಾಡಿ ಬಲಭಾಗ ಊದಿಕೊಂಡಿದೆ. ಹೀಗೇ ಬಿಟ್ಟರೆ ಮುಂದೆ ಕಷ್ಟ.

ಎದೆ ಕೊಯ್ಯಬೇಕಿಲ್ಲ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಅದರೊಳಗಿಂದ ತಂತಿಯ ಜೋಡಿ ಬಿಲ್ಲೆಯನ್ನು ಕಳಿಸಿ ಮುಚ್ಚುತ್ತಾರೆ. ಡಾಕ್ಟರು ತೋರಿಸಲು ತೆಗೆದ ಪೆಟ್ಟಿಗೆಯ ಮೇಲೆ ಮೂರು ಉಂಗುರದ ಗುರುತಿತ್ತು. ನೀನು ಹಿಂದೆ ಬಂದಾಗ ತಂದಿದ್ದ ಚೀಲದ ಮೇಲೆ ಇದ್ದದ್ದೇ. ನೀನು ಹೆಣೆಯುವುದು ಇದನ್ನೇನಾ? ಏಳು ವರ್ಷದಿಂದ ನೀನು ಕಿಟಕಿಗೆ ಹಾಕುವ ಜಾಲರಿ ಮಾಡುತ್ತೀಯ ಎಂದುಕೊಂಡಿದ್ದೆ.

ಅಮ್ಮನಿಗೆ ಹೇಳಿದೆ. "ಆ ಕೊಳಕಿ ಕೈಯಲ್ಲಿ ಮಾಡಿದ್ದನ್ನ ಎದೆಯೊಳಗೆ ಇಡ್ತಾರಾ?" ಎಂದಳು. ತಮಾಷೆಗೆ. ಎಷ್ಟೋ ದಿನದ ಮೇಲೆ ಮನೆಯಲ್ಲಿ ಇಬ್ಬರೂ ನಕ್ಕೆವು.

ಫೋನ್ ಮಾಡು.

ಗೊಂಬೆ


ಜೂನ್ ೧೧

ಗೊಂಬೆ,

ತಮಾಷೆ ಚೆನ್ನಾಗಿತ್ತು. ಅಮ್ಮನಿಗೂ ಹೇಳು.

ಫೋನ್ ಮಾಡಲ್ಲ. ಫೋನಿನಲ್ಲಿ ನೀನು ಅತ್ತುಬಿಡುತ್ತೀಯ, ನಾನು ಸೋತುಬಿಡುತ್ತೇನೆ. ಕಾಗದವೇ ಸರಿ, ಬೈದದ್ದು ಬೈದಂತೆ ಇರುತ್ತೆ. ಚಿಕ್ಕಮ್ಮನ ಮನೆಯಲ್ಲಿ ಅವತ್ತು ಏನಾಯಿತು ಎಂದು ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ಹನ್ನೆರಡು ದಿನದ ಮಗುವನ್ನು ಎತ್ತಿಕೊಳ್ಳಲು ನಾನು ಕೈ ಚಾಚಿದೆ. ಕೋಣೆ ತುಂಬ ಜನ. ಅಮ್ಮ, "ಏ ಕೊಳಕಿ, ಕೈ ತೊಳ್ಕೊಂಡು ಮುಟ್ಟೇ" ಎಂದಳು. ಮೂವತ್ತು ವರ್ಷದ ಹೆಂಗಸು ನಾನು. ಎಲ್ಲರೂ ನಕ್ಕರು. ಅಮ್ಮ ಅಂದದ್ದಕ್ಕೆ ನಾನು ಎದ್ದು ಬರಲಿಲ್ಲ, ಅದು ಅಭ್ಯಾಸವಾಗಿದೆ. ನೀನು ನಕ್ಕದ್ದಕ್ಕೆ ಬಂದೆ.

ಹೌದು, ಅದನ್ನೇ ಹೆಣೆಯುವುದು. ನೀವು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ಬಿಲ್ಲೆಗೆ ಎಪ್ಪತ್ತೆರಡು ತಂತಿ, ಕೂದಲಿಗೆ ಒಂಚೂರು ದಪ್ಪ. ಗೂಟಗಳಿರುವ ಅಚ್ಚಿನ ಮೇಲೆ ಒಂದರ ಮೇಲೆ, ಒಂದರ ಕೆಳಗೆ. ಕೈಯಲ್ಲೇ ಆಗಬೇಕು. ಕುಲುಮೆಗೆ ಹೋಗಿ ಬಂದ ಮೇಲೆ ಅದಕ್ಕೆ ತನ್ನ ಆಕಾರ ನೆನಪಿರುತ್ತೆ. ಎಳೆದು ಉದ್ದ ಮಾಡಿ ಕೊಳವೆಯಲ್ಲಿ ತುರುಕಿದರೂ ಹೊರಬಿದ್ದ ಕೂಡಲೇ ಮತ್ತೆ ಬಿಲ್ಲೆ. ಮರೆವು ಅನ್ನೋದೇ ಇಲ್ಲ, ನನ್ನ ಹಾಗೆ. ಒಂದು ಬಿಲ್ಲೆ ಗೋಡೆಯ ಆಚೆ ಅರಳುತ್ತೆ, ಇನ್ನೊಂದು ಈಚೆ, ನಡುವಿನ ಸೊಂಟ ತೂತಿನಲ್ಲಿ ಕೂರುತ್ತೆ. ಡಾಕ್ಟರು ಎಳೆದು, ತಳ್ಳಿ, ಅಲುಗಾಡುವುದಿಲ್ಲ ಎಂದು ಗೊತ್ತಾದ ಮೇಲೆ ಬಿಲ್ಲೆಯನ್ನು ಹಿಡಿದಿರುವ ತಿರುಪು ಬಿಚ್ಚುತ್ತಾರೆ. ಅಲ್ಲಿಯವರೆಗೆ ವಾಪಸ್ಸು ತರಬಹುದು. ಬಿಚ್ಚಿದ ಮೇಲೆ ಅಷ್ಟು ಸುಲಭವಲ್ಲ. ಕೆಲಸಕ್ಕೆ ಸೇರಿದ ವಾರ ನಮಗೆಲ್ಲ ಇದರ ಸಿನಿಮಾ ತೋರಿಸಿದ್ದರು.

ಇಲ್ಲಿ ದಿನಕ್ಕೆ ಒಂಬತ್ತು ಸಲ ಕೈ ತೊಳೆಯುತ್ತೇವೆ. ಹೊಸಬರಿಗೆ ತೋರಿಸಲು ಮೇಲ್ವಿಚಾರಕಿ ನನ್ನನ್ನೇ ತೊಟ್ಟಿಯ ಮುಂದೆ ನಿಲ್ಲಿಸುತ್ತಾಳೆ. ಅಮ್ಮನಿಗೆ ಇದನ್ನೂ ಹೇಳು.

ನಿನ್ನ ಡಾಕ್ಟರು ಲೋಹದ ವಿಷಯ ಏನಾದರೂ ಕೇಳಿದರಾ?

ಕೊಳಕಿ


ಜೂನ್ ೧೮

ಅಕ್ಕಾ,

ನಕ್ಕದ್ದು ತಪ್ಪು. ಆದರೆ ಒಂದು ನಗುವಿಗೆ ಒಂದೂವರೆ ವರ್ಷವಾ? ಆ ಹೆಸರು ಮನೆಯಲ್ಲಿ ಮೊದಲಿನಿಂದ ಇದೆ, ನನ್ನನ್ನು ಗೊಂಬೆ ಎನ್ನುವ ಹಾಗೆ. ನನಗೂ ಗೊಂಬೆ ಎಂದರೆ ಇಷ್ಟವಿಲ್ಲ. ನಾನೇನು ಊಟ ಬಿಟ್ಟು ಎದ್ದು ಹೋಗಿದ್ದೇನಾ?

ದಿನ ಗೊತ್ತಾಯಿತು, ಜುಲೈ ೨೩. ಮೊನ್ನೆ ಗಂಟಲಿನಿಂದ ನಳಿಕೆ ನುಂಗಿಸಿ ಹಿಂದಿನಿಂದ ಹೃದಯ ನೋಡಿದರು. ತೂತಿನ ಸುತ್ತ ಅಂಚು ಸಾಕಷ್ಟಿದೆ, ಬಿಲ್ಲೆ ಚೆನ್ನಾಗಿ ಹಿಡಿದು ಕೂರುತ್ತೆ ಎಂದರು. ಕೊಳವೆ ತೂರಿಸುವ ಕ್ಯಾಥೆಟರ್ ಕೋಣೆಯ ನರ್ಸು ಬಲು ಮಾತಿನ ಮಲ್ಲಿ. "ಒಂದು ಗಂಟೆ ಕೆಲಸ, ಮಾರನೇ ದಿನ ಮನೆ. ಹೊಲಿಗೇನೂ ಇಲ್ಲ, ತೋರಿಸಿಕೊಂಡು ಮೆರೆಯೋಕೆ ಗಾಯವೂ ಉಳಿಯಲ್ಲ ನೋಡು" ಎಂದಳು. ಆಮೇಲೆ ಆರು ತಿಂಗಳು ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ. ಅಷ್ಟರಲ್ಲಿ ನನ್ನದೇ ಮಾಂಸ ಬಿಲ್ಲೆಯ ಮೇಲೆ ಬೆಳೆದು ಮುಚ್ಚುತ್ತಂತೆ.

ಲೋಹದ ವಿಷಯ ಅವರು ಬಾಯಲ್ಲಿ ಕೇಳಲಿಲ್ಲ. ಎರಡು ಪುಟದ ಅರ್ಜಿಯಲ್ಲಿ ಇತ್ತು. ಔಷಧಿ ಆಗಿಬರುವುದಿಲ್ಲವೇ, ಇಲ್ಲ. ಆಹಾರ, ಇಲ್ಲ. ಲೋಹ, ಇಲ್ಲ. ಎಲ್ಲಕ್ಕೂ ಗೀಟು ಎಳೆದು ಕೊಟ್ಟೆ. ನೀನು ಯಾಕೆ ಕೇಳಿದೆ ಎಂದು ಅರ್ಥವಾಗಲಿಲ್ಲ.

ಇನ್ನೊಂದು. ನಿನ್ನ ಅಕ್ಷರ ಎಷ್ಟು ಮುದ್ದಾಗಿತ್ತು, ಈಗ ಕೋಳಿ ಕೆದಕಿದ ಹಾಗಿದೆ. ಅಷ್ಟು ತಾತ್ಸಾರವಿದ್ದರೆ ಬರೆಯಲೇಬೇಡ.

ಗೊಂಬೆ


ಜೂನ್ ೨೪

ಗೊಂಬೆ,

ಅಕ್ಷರದ ಸುದ್ದಿ ಬಿಡು. ಇದನ್ನು ಕುಳಿತುಕೊಂಡು ಓದು.

ನಿನಗೆ ನಾಲ್ಕು ವರ್ಷ, ನನಗೆ ಒಂಬತ್ತು. ನಿನಗೆ ಅಜ್ಜಿ ಕೊಟ್ಟಿದ್ದ ಓಲೆ ಇತ್ತು, ನಡುವೆ ಸಣ್ಣ ಹೂವಿನದು. ನೀನು ಒಂದು ವರ್ಷ ಹಾಕಿಕೊಂಡಿದ್ದೆ, ಏನೂ ಆಗಿರಲಿಲ್ಲ. ಆಮೇಲೆ ಸ್ವಲ್ಪ ದಿನ ಕಿವಿ ಬರಿದಾಗಿತ್ತು. ಅಜ್ಜಿ ಬಂದು ಹದಿನೈದು ದಿನ ಇರುತ್ತಾಳೆ ಎಂದಾಗ ಅಮ್ಮ ಓಲೆ ತಂದು ನನ್ನ ಕೈಗೆ ಕೊಟ್ಟು, "ಅವಳಿಗೆ ಹಾಕು" ಎಂದಳು. ನಾನೇ ಹಾಕಿದೆ. ಐದನೇ ದಿನಕ್ಕೆ ನಿನ್ನ ಎರಡೂ ಕಿವಿ ಕೆಂಪಗೆ ಊದಿ, ನೀರು ಸೋರಿ, ಕೀವಾಯಿತು. ನೀನು ರಂಪ ಮಾಡಿದೆ. ಅಜ್ಜಿ ಅಮ್ಮನನ್ನು ಕೇಳಿದಳು, "ಚಿನ್ನದ ಓಲೆಗೆ ಕಿವಿ ಹೀಗಾಗುತ್ತೇನೇ?"

ಅಮ್ಮ ನನ್ನ ಕಡೆ ತಿರುಗಿದಳು. "ಈ ಕೊಳಕಿ ಕೈಯಿಂದ ಹಾಕಿದ್ದಾಳೆ, ಇನ್ನೇನಾಗುತ್ತೆ" ಎಂದಳು. ಹೊರಗಿನ ನಲ್ಲಿಗೆ ಎಳೆದುಕೊಂಡು ಹೋಗಿ ನೆಲ ಉಜ್ಜುವ ಬ್ರಷ್ಷಿನಿಂದ ನನ್ನ ಕೈ ಉಜ್ಜಿದಳು. ಚರ್ಮ ಸುಲಿಯಿತು. ಅಕ್ಕಪಕ್ಕದವರು ನಿಂತು ನೋಡಿದರು. ಆ ಹೆಸರು ಅವತ್ತಿನದು. ಮೊದಲಿನಿಂದ ಇದ್ದದ್ದಲ್ಲ. ಊಟಕ್ಕೆ ಮುಂಚೆ ಅಂಗೈ ಬಿಚ್ಚಿ ತೋರಿಸದೆ ನಾನು ಆ ಮನೆಯಲ್ಲಿ ಒಂದು ತುತ್ತು ತಿಂದಿಲ್ಲ, ಹತ್ತೊಂಬತ್ತಕ್ಕೆ ಮನೆ ಬಿಡುವವರೆಗೂ.

ಓಲೆ ತೆಗೆದ ವಾರದಲ್ಲಿ ನಿನ್ನ ಕಿವಿ ವಾಸಿಯಾಯಿತು.

ಈಗ ಕೇಳು. ಬಿಲ್ಲೆಯ ತಂತಿಯಲ್ಲಿ ಅರ್ಧಕ್ಕರ್ಧ ನಿಕ್ಕಲ್. ಹೊಳಪಿನ ಅಗ್ಗದ ಓಲೆಗಳಲ್ಲೂ ಅದೇ ಇರುತ್ತೆ. ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ, ಥೇಟ್ ಹಾಗೇ ಊದಿ ನೀರು ಬರುತ್ತೆ. ಕೊಳಕಿಗೂ ಅದಕ್ಕೂ ಸಂಬಂಧವಿಲ್ಲ. ಅಮ್ಮನನ್ನು ಒಂದೇ ಪ್ರಶ್ನೆ ಕೇಳು. ಆ ಓಲೆ ಚಿನ್ನದ್ದಾ? ಉತ್ತರ ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಕೊಳಕಿ


ಜುಲೈ ೨

ಅಕ್ಕಾ,

ಕೇಳಿದೆ. ಚಿನ್ನದ್ದೇ.

ಒಂದು ಸಲ ಅಲ್ಲ, ಮೂರು ಸಲ ಕೇಳಿದೆ. ಅಮ್ಮ ದರ್ಜಿ ಅಂಗಡಿಯ ಗುಂಡಿ ಹೊಲಿಗೆ ಹಿಡಿದು ಕೂತಿದ್ದಳು. ಮೊದಲ ಸಲ, "ಈಗ್ಯಾಕೆ ಅದು?" ಎಂದಳು. ಎರಡನೇ ಸಲ, "ನಿಮ್ಮಜ್ಜಿ ಕೊಟ್ಟಿದ್ದು ಚಿನ್ನ ಅಲ್ಲದೆ ತಗಡಾ?" ಎಂದಳು. ಮೂರನೇ ಸಲಕ್ಕೆ ಸೂಜಿ ಕೆಳಗಿಟ್ಟು, "ನಿನ್ನಾಣೆಗೂ ಚಿನ್ನ ಕಣೇ. ಅವಳು ಅಲ್ಲಿ ಕೂತು ಇನ್ನೂ ಅದನ್ನೇ ಕೆರೀತಾ ಇದಾಳಾ?" ಎಂದು ಅಡುಗೆಮನೆಗೆ ಹೋದಳು. ರಾತ್ರಿ ಊಟ ಮಾಡಲಿಲ್ಲ.

ಚಿನ್ನದಲ್ಲಿ ನಿಕ್ಕಲ್ ಇರುವುದಿಲ್ಲ, ಅಲ್ಲವಾ? ಹಾಗಾದರೆ ಮುಗಿಯಿತು. ನಿನಗೆ ಒಂಬತ್ತು ವರ್ಷ, ಆಟ ಆಡಿ ಬಂದು ಹಾಕಿದ್ದೀಯ, ನಂಜಾಗಿದೆ. ಯಾರೂ ನಿನ್ನನ್ನು ನೇಣಿಗೆ ಹಾಕಿಲ್ಲ. ಬ್ರಷ್ಷಿನ ವಿಷಯ ನನಗೆ ಗೊತ್ತಿರಲಿಲ್ಲ, ಅದು ತಪ್ಪು, ಅಮ್ಮನಿಗೆ ಹೇಳುತ್ತೇನೆ. ಆದರೆ ಇಪ್ಪತ್ತೆರಡು ವರ್ಷದ ಹಳೇ ಜಗಳ ಗೆಲ್ಲಲು ನಿನಗೆ ನನ್ನ ಹೃದಯವೇ ಬೇಕಾಯಿತಾ? ನನಗೆ ಮೆಟ್ಟಿಲು ಹತ್ತಲು ಆಗುತ್ತಿಲ್ಲ ಅಕ್ಕ. ಒಂದೊಂದು ದಿನ ಎದೆ ಗುಬ್ಬಿಯ ಹಾಗೆ ಬಡಿದುಕೊಳ್ಳುತ್ತೆ. ನಾನು ಹೆದರಿ ನಿನಗೆ ಬರೆದೆ. ನೀನು ನಿನ್ನ ಕೈಯ ಕಥೆ ಹೇಳುತ್ತಿದ್ದೀಯ.

ನೀನು ೨೩ಕ್ಕೆ ಬರುತ್ತೀಯ ಎಂದುಕೊಂಡಿದ್ದೆ. ಈಗ ಅರ್ಥವಾಯಿತು, ಬರದೇ ಇರಲು ಒಂದು ನೆಪ ಬೇಕಿತ್ತು.

ಸಹಿ ಹಾಕಿ ಆಯಿತು.


ಜುಲೈ ೭

ಗೊಂಬೆ,

ಈ ಪುಟದ ಕೆಳಗೆ ಟೇಪಿನಿಂದ ಅಂಟಿಸಿರುವುದು ನಾವು ಹೆಣೆಯುವ ತಂತಿ. ಬೆರಳುದ್ದ. ಕದ್ದದ್ದು. ಗೇಟಿನಲ್ಲಿ ಜೇಬು, ಚೀಲ, ಬೂಟು ಎಲ್ಲ ಬಿಚ್ಚಿಸಿ ನೋಡುತ್ತಾರೆ. ಜಡೆಯೊಳಗೆ ಸುತ್ತಿ ತಂದೆ. ಸಿಕ್ಕಿಬಿದ್ದಿದ್ದರೆ ಏಳು ವರ್ಷ ಒಂದೇ ದಿನಕ್ಕೆ ನೀರಿಗೆ ಹೋಗುತ್ತಿತ್ತು. ಇದನ್ನೂ ನೆಪ ಅನ್ನು.

ಇದನ್ನು ಸುರುಳಿ ಮಾಡಿ ತೋಳಿನ ಒಳಗಡೆ ಇಟ್ಟು ಮೇಲೆ ಪ್ಲಾಸ್ಟರ್ ಹಚ್ಚು. ಎರಡು ದಿನ ತೆಗೆಯಬೇಡ. ಏನೂ ಆಗದಿದ್ದರೆ ನಾನು ಸುಳ್ಳಿ. ನಿನ್ನ ಕಾಲಿಗೆ ಬೀಳುತ್ತೇನೆ, ಊರವರ ಮುಂದೆ ಬೇಕಾದರೆ.

ನನಗೆ ಹೇಗೆ ಗೊತ್ತು ಎಂದು ನೀನು ಕೇಳಲಿಲ್ಲ, ನೀನು ಯಾವತ್ತೂ ಕೇಳುವುದಿಲ್ಲ. ಹೇಳುತ್ತೇನೆ. ಕೈಗವಸು ಹಾಕಿಕೊಂಡರೆ ಈ ತಂತಿ ಬೆರಳಿಗೆ ಸಿಗುವುದಿಲ್ಲ, ಜಾರುತ್ತೆ. ಅದಕ್ಕೇ ಹೆಣೆಯುವವರೆಲ್ಲ ಹೆಬ್ಬೆರಳು, ತೋರುಬೆರಳಿನ ಕಡೆ ಕೈಗವಸಿನ ತುದಿ ಕತ್ತರಿಸಿಕೊಳ್ಳುತ್ತೇವೆ. ಮೇಲ್ವಿಚಾರಕಿ ಆ ಕಡೆ ತಿರುಗಿ ನಿಲ್ಲುತ್ತಾಳೆ. ಆಮೇಲೆ ಬಿಲ್ಲೆಯನ್ನು ಆಮ್ಲದಲ್ಲಿ ತೊಳೆದು ಹೊಳಪು ಕೊಡುತ್ತಾರೆ, ಅದಕ್ಕೇನೂ ಆಗಲ್ಲ. ಆಗುವುದು ನಮಗೆ. ನಾಲ್ಕು ವರ್ಷದಿಂದ ನನ್ನ ಈ ಎರಡು ಬೆರಳು ಬಿರಿಯುತ್ತಿವೆ. ಗುಳ್ಳೆ ಏಳುತ್ತೆ, ಒಡೆಯುತ್ತೆ, ನೀರು ಸೋರುತ್ತೆ. ಥೇಟ್ ನಿನ್ನ ಕಿವಿ. ಯಾರಾದರೂ ಕೇಳಿದರೆ ಪಾತ್ರೆ ಸೋಪು ಎನ್ನುತ್ತೇನೆ. ತೋರಿಸಿದರೆ ಹೆಣಿಗೆಯಿಂದ ತೆಗೆಯುತ್ತಾರೆ, ಅಲ್ಲಿ ನನ್ನಷ್ಟು ಚೆನ್ನಾಗಿ ಹೆಣೆಯುವವರು ಇನ್ನೊಬ್ಬರಿಲ್ಲ. ಚೊಕ್ಕ ಕೈ ಎಂದು ಯಾರಾದರೂ ಕರೆದ ಜಾಗ ಅದೊಂದೇ.

ಪೆನ್ನು ಹಿಡಿಯುವುದು ಇದೇ ಎರಡು ಬೆರಳಲ್ಲಿ. ತಾತ್ಸಾರ ಅಂದೆಯಲ್ಲ.

ಕೊಳಕಿ


ಜುಲೈ ೧೬

ಅಕ್ಕಾ,

ನೀನು ಸುಳ್ಳಿ ಎಂದು ತೋರಿಸಬೇಕೆಂದೇ ಕಟ್ಟಿಕೊಂಡೆ. ಎಡತೋಳಿನ ಒಳಗಡೆ, ಯಾರಿಗೂ ಕಾಣದ ಹಾಗೆ. ಮೊದಲ ದಿನ ಏನೂ ಇಲ್ಲ, ಮನಸ್ಸಿನಲ್ಲೇ ನಿನಗೊಂದು ಖಾರದ ಕಾಗದ ಬರೆದುಕೊಂಡೆ. ಎರಡನೇ ದಿನ ಮಧ್ಯಾಹ್ನ ಕಚೇರಿಯಲ್ಲಿ ಒಂದು ಕೆರೆಯ ಗಡಿ ಎಳೆಯುತ್ತಿದ್ದೆ. ತುರಿಕೆ ತಾಳಲಾರದೆ ಮಸಿ ಚೆಲ್ಲಿತು, ಕೆರೆ ಹೊಲದೊಳಗೆ ನುಗ್ಗಿತು. ನಕ್ಷೆಗಳ ಕೋಣೆಗೆ ಹೋಗಿ ಪ್ಲಾಸ್ಟರ್ ಕಿತ್ತೆ. ಸುರುಳಿಯ ಆಕಾರದಲ್ಲೇ ಕೆಂಪು ಬರೆ, ಮೇಲೆ ಗುಳ್ಳೆ, ನೀರು.

ಮರುದಿನ ಡಾಕ್ಟರ ಹತ್ತಿರ ಹೋದೆ. ತಂತಿ ಎಲ್ಲಿಂದ ಬಂತು ಎಂದು ಹೇಳಲಿಲ್ಲ, ತೋಳು ಮಾತ್ರ ತೋರಿಸಿದೆ. ಅವರು ಸರಿಯಾದ ಪರೀಕ್ಷೆಯನ್ನೇ ಮಾಡಿಸಿದರು. ಬೆನ್ನಿಗೆ ಸಾಲಾಗಿ ಬೇರೆಬೇರೆ ಲೋಹದ ಅಂಟು ಹಚ್ಚಿ ಎರಡು ದಿನ ಬಿಟ್ಟು ತೆಗೆದರು. ನಿಕ್ಕಲ್ ಇದ್ದ ಜಾಗ ಸುಟ್ಟ ಹಾಗೆ ಎದ್ದಿತ್ತು. "ಅರ್ಜಿಯಲ್ಲಿ ಇಲ್ಲ ಅಂತ ಬರೆದಿದ್ದೀರಲ್ಲ" ಎಂದರು, ಕಾಗದ ನನ್ನ ಕಡೆ ತಿರುಗಿಸಿ. ನನ್ನದೇ ಗೀಟು. ಬಹಳ ಜನಕ್ಕೆ ಒಳಗೆ ಹೋದ ಮೇಲೆ ಏನೂ ಆಗುವುದಿಲ್ಲವಂತೆ. ಕೆಲವರಿಗೆ ತಿಂಗಳುಗಟ್ಟಲೆ ಎದೆನೋವು, ಬಡಿತ, ಮೈಯೆಲ್ಲ ದದ್ದು. ಎಲ್ಲೋ ಒಬ್ಬರಿಗೆ ಎದೆ ಕೊಯ್ದು ಬಿಲ್ಲೆಯನ್ನು ಹೊರತೆಗೆಯಬೇಕಾಗುತ್ತೆ. ನನ್ನ ಬೆನ್ನು ಇಷ್ಟು ಜೋರಾಗಿ ಹೇಳುತ್ತಿರುವಾಗ ಅವರು ಅದಕ್ಕೆ ಕೈ ಹಾಕುವುದಿಲ್ಲ. ನಿಕ್ಕಲ್ ಸೋರದ ಹಾಗೆ ತಂತಿಗೆ ಲೇಪ ಕೊಟ್ಟ ಬೇರೊಂದು ಕಾರ್ಖಾನೆಯ ಬಿಲ್ಲೆ ತರಿಸುತ್ತಾರೆ, ಐದು ವಾರ ಬೇಕು. ೨೩ ರದ್ದಾಯಿತು.

ಮನೆಗೆ ಬಂದು ಅಮ್ಮನ ಮುಂದೆ ತೋಳು ಚಾಚಿದೆ. ನೋಡಿದಳು. "ಕಿವಿಯೂ ಹೀಗೇ ಆಗಿತ್ತು" ಎಂದಳು. ಎದ್ದು, ಗುಂಡಿಗಳ ಡಬ್ಬಿಯ ತಳದಿಂದ ಒಂದು ಬಟ್ಟೆಗಂಟು ತೆಗೆದು ಬಿಚ್ಚಿದಳು. ಮೂರು ಓಲೆ, ಅಕ್ಕ. ಒಂದು ಚಿನ್ನದ್ದು, ಒಂಟಿ. ಎರಡು ಅದರ ಹಾಗೇ ಕಾಣುವವು, ಬಣ್ಣ ಹೋದವು. ಚಿನ್ನದ ಜೋಡಿಯಲ್ಲಿ ಇನ್ನೊಂದನ್ನು ಅಮ್ಮ ಒಂದು ದಿನ ತಾನೇ ಹಾಕಿಕೊಂಡು ನೀರು ತರುವಾಗ ಕಳೆದಿದ್ದಳಂತೆ. ಅಜ್ಜಿ ಬರುವಳೆಂದು ಹೆದರಿ ಅಂಗಡಿಯಲ್ಲಿ ಅಂಥದ್ದೇ ಜೋಡಿ ತಂದಿದ್ದಳಂತೆ. "ನಿಮ್ಮಜ್ಜಿ ಬಾಯಿ ನಿನಗೆ ಗೊತ್ತಿಲ್ಲ" ಎಂದಳು.

"ನನ್ನಾಣೆ ಹಾಕಿದೆಯಲ್ಲಮ್ಮ" ಎಂದೆ. "ಎದೆಯಲ್ಲಿ ತೂತಿರೋಳ ಆಣೆ ಹಾಕಿದೆಯಲ್ಲ." ಅವಳು ಡಬ್ಬಿ ಮುಚ್ಚಿದಳು. ಎರಡು ದಿನದಿಂದ ನಾನು ಅವಳೊಂದಿಗೆ ಮಾತಾಡಿಲ್ಲ. ಒಂದೇ ಕೋಣೆಯಲ್ಲಿ ಮಲಗುತ್ತೇವೆ, ಗೋಡೆಯ ಕಡೆ ತಿರುಗಿ.

ಆದರೆ ನಿನ್ನ ಮೇಲಿನ ಸಿಟ್ಟೂ ಇಳಿದಿಲ್ಲ. ಅವಳು ಇಪ್ಪತ್ತೆರಡು ವರ್ಷ ಡಬ್ಬಿಯಲ್ಲಿ ಮುಚ್ಚಿಟ್ಟಳು, ನೀನು ನಾಲ್ಕು ವರ್ಷ ಕೈಗವಸಿನಲ್ಲಿ ಮುಚ್ಚಿಟ್ಟೆ. ನೀನೇನು ಕಮ್ಮಿ? ಮೊದಲ ಕಾಗದದಲ್ಲೇ ಬೆರಳಿನ ವಿಷಯ ಬರೆದಿದ್ದರೆ ನಾನು ಅರ್ಜಿಗೆ ಗೀಟು ಎಳೆಯುತ್ತಿದ್ದೆನಾ? ನಾಳೆಯೇ ನಿನ್ನ ಕಾರ್ಖಾನೆಯ ಡಾಕ್ಟರಿಗೆ ಕೈ ತೋರಿಸು. ಅವರ ಚೀಟಿ ನನ್ನ ಕೈ ಸೇರುವವರೆಗೆ ನಾನು ಆ ಮೇಜಿನ ಮೇಲೆ ಮಲಗುವುದಿಲ್ಲ. ತಮಾಷೆಯಲ್ಲ.

ಗೊಂಬೆ


ಜುಲೈ ೨೧

ಗೊಂಬೆ,

ಮೂರು ಓಲೆಯ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದರ ಬಗ್ಗೆ ಈಗ ಬರೆಯಲಾರೆ, ಬರೆದರೆ ಕಾಗದ ಹರಿಯುತ್ತೆ.

ಕೈ ತೋರಿಸುವುದಿಲ್ಲ. ಹೆದರಿಸಬೇಡ.


ಜುಲೈ ೨೫

ಅಕ್ಕಾ,

ಹಾಗಾದರೆ ನಾನೂ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡಬೇಡಿ ಎಂದೆ. ನರ್ಸು ಕಾರಣ ಕೇಳಿದಳು. "ನಮ್ಮಕ್ಕನನ್ನ ಕೇಳಿ" ಎಂದೆ.


ಆಗಸ್ಟ್ ೯

ಮಹಾರಾಣಿಯವರಿಗೆ,

ಚೀಟಿ ಇದರ ಜೊತೆಗಿದೆ. ಮೊಹರು ಸರಿಯಾಗಿ ಬಿದ್ದಿದೆಯಾ ನೋಡಿಕೊಳ್ಳಿ.

ಎಂಟು ದಿನ ಸುಮ್ಮನಿದ್ದೆ. ನೀನು ಸೋಲುತ್ತೀಯ ಎಂದುಕೊಂಡೆ. ಚಿಕ್ಕಂದಿನಿಂದ ಮಾತ್ರೆ ನುಂಗಲು ಅಳುತ್ತಿದ್ದವಳು, ಇಂಥ ಹಟ ಎಲ್ಲಿ ಕಲಿತೆ? ಒಂಬತ್ತನೇ ದಿನ ಅಚ್ಚಿನ ಮುಂದೆ ಕೂತಾಗ ಕೈ ಓಡಲಿಲ್ಲ. ತಂತಿ ಮೇಲೋ ಕೆಳಗೋ ಗೊತ್ತಾಗಲಿಲ್ಲ. ಯಾರೋ ಒಬ್ಬಳು ಎಲ್ಲೋ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಾಳೆ ಎಂದೇ ಕಾಣುತ್ತಿತ್ತು. ಎದ್ದು ಡಾಕ್ಟರ ಕೋಣೆಗೆ ಹೋಗಿ ಎರಡೂ ಕೈಗವಸು ತೆಗೆದು ಮೇಜಿನ ಮೇಲಿಟ್ಟೆ. ಅಂಗೈ ಬಿಚ್ಚಿದೆ. ಊಟಕ್ಕೆ ಮುಂಚೆ ತೋರಿಸುತ್ತಿದ್ದ ಹಾಗೇ. ಕಣ್ಣಲ್ಲಿ ನೀರು ಬಂತು. ಆ ಡಾಕ್ಟರು ನೋವಿಗೆ ಎಂದುಕೊಂಡರು.

ಮೇಲ್ವಿಚಾರಕಿ ಬಂದು, "ಕೈಗವಸಿನ ತುದಿ ಕತ್ತರಿಸಿದ್ದು ಯಾರು?" ಎಂದಳು. ನಾಲ್ಕು ವರ್ಷ ಆ ಕಡೆ ತಿರುಗಿ ನಿಂತವಳು. ನಾನು ಅಂದೆ, "ಕತ್ತರಿ ನಿಮ್ಮ ಮೇಜಿಂದೇ ತಗೊಂಡಿದ್ದು ಅಕ್ಕ, ಮರೆತುಬಿಟ್ರಾ?" ಅವಳ ಮುಖ ನೋಡಬೇಕಿತ್ತು. ಆಮೇಲೆ ಹೆಣೆಯುವ ಹನ್ನೊಂದು ಜನರದ್ದೂ ಕೈ ನೋಡಿದರು. ಇನ್ನೂ ಐವರಿಗೆ ಇದೇ. ನನ್ನ ಪಕ್ಕದ ಅಚ್ಚಿನವಳು ಎರಡು ವರ್ಷದಿಂದ ಪಾತ್ರೆ ಸೋಪು ಎನ್ನುತ್ತಿದ್ದಳು, ನಾನೂ ನಂಬಿದ್ದೆ, ನನ್ನ ಸುಳ್ಳನ್ನೇ ಅವಳ ಬಾಯಲ್ಲಿ ಕೇಳಿ.

ನನ್ನನ್ನು ಹೆಣಿಗೆಯಿಂದ ತೆಗೆದರು. ಈಗ ತಪಾಸಣೆ ಮೇಜು. ಬೇರೆಯವರು ಹೆಣೆದದ್ದನ್ನು ಭೂತಗನ್ನಡಿಯಲ್ಲಿ ನೋಡಿ, ತಪ್ಪಿದ್ದರೆ ಕೆಂಪು ಚೀಟಿ ಹಚ್ಚಿ ವಾಪಸ್ಸು ಕಳಿಸುವುದು. ಬೆರಳು ಒಣಗುತ್ತಿವೆ. ನನ್ನ ಅಚ್ಚಿನ ಮುಂದೆ ಬೇರೆ ಯಾರೋ ಕೂತಿದ್ದಾಳೆ, ತುದಿ ಇರುವ ಕೈಗವಸಿನಲ್ಲಿ, ಬಸವನ ಹುಳುವಿನ ಹಾಗೆ. ನೋಡಿದರೆ ಹೊಟ್ಟೆ ಉರಿಯುತ್ತೆ. ಇದಕ್ಕೆ ನಿನಗೆ ಥ್ಯಾಂಕ್ಸ್ ಹೇಳುತ್ತೇನೆ ಎಂದುಕೊಳ್ಳಬೇಡ.

ಹೋಗಿ ಮಲಗು ಆ ಮೇಜಿನ ಮೇಲೆ.


ಆಗಸ್ಟ್ ೩೦

ಅಕ್ಕಾ,

ಮುಚ್ಚಿ ಆಯಿತು. ಮೊನ್ನೆ ಬೆಳಿಗ್ಗೆ.

ತೊಡೆಸಂದಿಯಲ್ಲಿ ಒಂದು ಚುಚ್ಚು, ಅಷ್ಟೇ ನನಗೆ ನೆನಪು. ಎಚ್ಚರವಾದ ಮೇಲೆ ನರ್ಸು ಆರು ಗಂಟೆ ಕಾಲು ಮಡಿಸದೆ ಅಂಗಾತ ಮಲಗಿಸಿದಳು. ಡಾಕ್ಟರು ಪರದೆಯ ಮೇಲೆ ತೋರಿಸಿದರು. ಮೊದಲು ಆ ಕಡೆಯ ಬಿಲ್ಲೆ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತೆ, ಗೋಡೆಗೆ ಎಳೆದು ತಾಗಿಸುತ್ತಾರೆ, ಆಮೇಲೆ ಈ ಕಡೆಯದು. ಆಮೇಲೆ ನೀನು ಹೇಳಿದ ಹಾಗೇ ಎಳೆದರು, ತಳ್ಳಿದರು. ಬಿಲ್ಲೆಯ ಜೊತೆ ಇಡೀ ಗೋಡೆ ಒಂದಿಷ್ಟು ಓಲಾಡಿ ನಿಂತಿತು. ತಿರುಪು ಬಿಚ್ಚಿದರು. ಪರದೆಯಲ್ಲಿ ನೀಲಿಗೆ ಕೆಂಪು ಸೋರುತ್ತಿದ್ದ ಜಾಗ ಖಾಲಿ. ಅದು ನೀನು ಹೆಣೆದದ್ದಲ್ಲ ಎಂದು ಒಂದು ಕ್ಷಣ ಬೇಜಾರಾಯಿತು. ಹೇಳಬೇಕೆನಿಸಿತು, ಹೇಳಿದೆ.

ಚಿಕ್ಕಮ್ಮ ಆಸ್ಪತ್ರೆಗೆ ಬಂದಿದ್ದಳು. "ಕೊಳಕಿ ಬರಲಿಲ್ವಾ?" ಎಂದಳು. "ಆ ಹೆಸರಿನವರು ನಮ್ಮ ಮನೇಲಿ ಯಾರೂ ಇಲ್ಲ ಚಿಕ್ಕಮ್ಮ" ಎಂದೆ. ನನ್ನ ದನಿ ಅಷ್ಟು ಜೋರಾಗಿ ಬರುತ್ತೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಹಾಸಿಗೆಯವರೂ ತಿರುಗಿ ನೋಡಿದರು. ಅಮ್ಮ ಕಿಟಕಿಯ ಕಡೆ ನೋಡುತ್ತಾ ನಿಂತಿದ್ದಳು.

ಆ ನಗುವಿಗೆ ನಾನು ಕ್ಷಮೆ ಕೇಳಿದ್ದು ಸಾಲದು, ಗೊತ್ತು. ಈಗ ಮತ್ತೆ ಕೇಳುತ್ತಿದ್ದೇನೆ. 'ಆದರೆ' ಇಲ್ಲದೆ.

ನಿನ್ನೆ ಮನೆಗೆ ಬಂದ ಮೇಲೆ ಅಮ್ಮ, "ದೊಡ್ಡವಳ ವಿಳಾಸ ಬರೆದುಕೊಡು" ಎಂದಳು. ದೊಡ್ಡವಳು ಎಂದಳು. ಒಂದು ಹೊತ್ತು ಪೂರ್ತಿ ಕಾಗದ ಮುಂದಿಟ್ಟುಕೊಂಡು ಕೂತಿದ್ದಳು. ಆಮೇಲೆ ಈ ಲಕೋಟೆ ಅಂಟಿಸಿ ಕೊಟ್ಟಳು. ಒಳಗೆ ಏನಿದೆ ನಾನು ನೋಡಿಲ್ಲ.

ಗೊಂಬೆ


ಸೆಪ್ಟೆಂಬರ್ ೬

ಗೊಂಬೆ,

ಮಾತ್ರೆ ಮರೆಯಬೇಡ. ಆರು ತಿಂಗಳು ಎಂದರೆ ಆರು ತಿಂಗಳು. ಭಾರ ಎತ್ತಬೇಡ, ನಕ್ಷೆಗಳ ಸುರುಳಿ ಆ ದೊಡ್ಡ ನಕ್ಷೆಗಾರರೇ ಹೊರಲಿ. ಬಿಲ್ಲೆ ಯಾರು ಹೆಣೆದರೇನು, ಅಲುಗದಿದ್ದರೆ ಸಾಕು. ಚಿಕ್ಕಮ್ಮನಿಗೆ ನೀನು ಹೇಳಿದ್ದನ್ನು ಓದಿ ಒಬ್ಬಳೇ ಕೂತು ನಕ್ಕೆ. ನಿನ್ನ ಲೆಕ್ಕ ಮುಗಿಯಿತು. ನನ್ನ ಫೋನಿಗೆ ಇನ್ನು ನಿನ್ನ ನಂಬರು ಕೇಳಿಸುತ್ತೆ.

ಅಮ್ಮನ ಲಕೋಟೆಯಲ್ಲಿ ಆ ಎರಡು ಓಲೆ ಇದ್ದವು, ಬಣ್ಣ ಹೋದವು. ಜೊತೆಗೆ ಒಂದು ಚೀಟಿ. ಅದರಲ್ಲಿ ಎರಡು ಶಬ್ದ. 'ಚಿನ್ನ ಅಲ್ಲ.'

ಅಷ್ಟೇ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಬೇರೇನೂ ಇಲ್ಲ.

ಓಲೆಗಳನ್ನು ಕೆಲಸದ ಜಾಗಕ್ಕೆ ತೆಗೆದುಕೊಂಡು ಹೋದೆ. ಬಿಡುವಿನಲ್ಲಿ ಭೂತಗನ್ನಡಿಯ ಕೆಳಗೆ ಇಟ್ಟೆ. ಮೇಲಿನ ಹಳದಿ ಸವೆದು ಒಳಗಿನ ಬಿಳಿ ಲೋಹ ಕಾಣುತ್ತೆ. ಕೊಕ್ಕೆಯ ಸಂದಿಯಲ್ಲಿ ಕಪ್ಪಗೆ ಏನೋ ಒಣಗಿದೆ, ನಿನ್ನ ರಕ್ತವೇ ಇರಬೇಕು. ಇಪ್ಪತ್ತೆರಡು ವರ್ಷ ಅವಳು ಅದನ್ನು ತೊಳೆದೂ ಇಲ್ಲ, ಎಸೆದೂ ಇಲ್ಲ. ಒಂಬತ್ತು ವರ್ಷದವಳ ಕೈಯನ್ನು ಮಾತ್ರ ಚರ್ಮ ಸುಲಿಯುವ ಹಾಗೆ ತೊಳೆದಳು. ಚೀಟಿಯಲ್ಲಿ ಓಲೆಯ ಮಾತಿದೆ, ಕೈಯ ಮಾತಿಲ್ಲ.

ಹೆಣೆದದ್ದು ಅರ್ಧಕ್ಕೆ ನಿಂತಿದ್ದರೆ ನಾವು ಅದನ್ನು ಎಸೆಯುವುದಿಲ್ಲ. ಕೆಂಪು ಚೀಟಿ ಹಚ್ಚಿ ಹೆಣೆದವರಿಗೇ ಕಳಿಸುತ್ತೇವೆ. ಅಮ್ಮನ ಚೀಟಿಗೂ ಒಂದು ಹಚ್ಚಿದ್ದೇನೆ, ಇದರ ಜೊತೆಗಿದೆ, ಅವಳ ಕೈಗೇ ಕೊಡು. ಅದರ ಮೇಲೆ ಎಲ್ಲರಿಗೂ ಬರೆಯುವುದನ್ನೇ ಬರೆದಿದ್ದೇನೆ: ಪೂರ್ತಿಯಾಗಿಲ್ಲ, ಮುಗಿಸಿ ಕಳಿಸುವುದು.

ಅಂಚೆಗೆ ಹಾಕಲು ಮನಸ್ಸಾಗದಿದ್ದರೆ ಅವಳೇ ತರಲಿ. ಬಸ್ ನಿಲ್ದಾಣದಿಂದ ಎರಡನೇ ಬೀದಿ, ಹಸಿರು ಬಾಗಿಲು. ಬಾಗಿಲ ಪಕ್ಕದಲ್ಲಿ ನಲ್ಲಿ ಇದೆ, ಸೋಪೂ ಇದೆ. ನನ್ನ ಮನೆಗೆ ಬರುವವರು ಮೊದಲು ಕೈ ತೊಳೆದುಕೊಳ್ಳುತ್ತಾರೆ.

ಅಕ್ಕ